ಕಾಪಿ ಮಾಡಿದ್ದು ಒಂದು, ಪೇಸ್ಟ್ ಆಗಿದ್ದು ಇನ್ನೊಂದು: ಕ್ಲಿಪ್‌ಬೋರ್ಡ್ ಮ್ಯಾನೇಜರ್ ಬಳಸೋರು ದಯವಿಟ್ಟು ಹೇಳಿ

ಚಿಂತಾಮಣಿ ಡಿಟಿಪಿ

ಎಲ್ರಿಗೂ ನಮಸ್ಕಾರ. ಚಿಂತಾಮಣೀಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಕೊಂಡು 14 ವರ್ಷ ಆಯ್ತು. ಕ್ರಯಪತ್ರ, ಭಾಗಪತ್ರ, ಕರಾರು, ಅಫಿಡವಿಟ್, ಪಹಣಿ ಪ್ರಿಂಟು, ಎಲ್ಲಾ ಮಾಡ್ತೀನಿ. ಹೋದ ತಿಂಗಳು ಆಗಿದ್ದನ್ನ ಮೊದ್ಲು ಹೇಳ್ಬಿಡ್ತೀನಿ, ಆಗ ನನ್ ಪ್ರಶ್ನೆ ಏನು ಅಂತ ಅರ್ಥ ಆಗತ್ತೆ.

ನಾಲ್ಕು ಜನ ಅಣ್ಣತಮ್ಮಂದಿರ ಭಾಗಪತ್ರ. ಒಬ್ಬೊಬ್ರಿಗೂ ಒಂದೊಂದು ಷೆಡ್ಯೂಲು, ಎ ಬಿ ಸಿ ಡಿ ಅಂತ. ಚೆಕ್ಕುಬಂದಿ, ಅಂದ್ರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ, ಎಲ್ಲಾ ಬೇರೆ ಫೈಲಲ್ಲಿ ಟೈಪ್ ಮಾಡಿಟ್ಕೊಂಡಿದ್ದೆ, ಅಲ್ಲಿಂದ ಒಂದೊಂದಾಗಿ ಕಾಪಿ ಮಾಡಿ ಪತ್ರಕ್ಕೆ ಹಾಕ್ತಾ ಇದ್ದೆ. ಬಿ ಷೆಡ್ಯೂಲ್ ಆಯ್ತು. ಸಿ ದು ಸೆಲೆಕ್ಟ್ ಮಾಡಿ ಕಂಟ್ರೋಲ್ ಸಿ ಒತ್ತಿದೆ, ಆದ್ರೆ ನಮ್ಮ ಕೀಬೋರ್ಡಲ್ಲಿ ಆ ಕೀ ಸವೆದೋಗಿದೆ, ಒಂದೊಂದ್ಸಲ ಹತ್ತಲ್ಲ, ಅದೇ ಹೊತ್ಗೆ ಕೌಂಟರ್ ಹತ್ರ ಯಾರೋ ಪಹಣಿ ಕೇಳ್ತಾ ಇದ್ರು, ನಾನು ಆ ಕಡೆ ಉತ್ರ ಹೇಳ್ತಾ ಈ ಕಡೆ ಪೇಸ್ಟ್ ಒತ್ತಿದೆ. ಎರಡನೇ ಅಣ್ಣನ ಚೆಕ್ಕುಬಂದಿನೇ ಮೂರನೇ ತಮ್ಮನ ಷೆಡ್ಯೂಲಿಗೂ ಬಂದು ಕೂತ್ಕೊಂಡಿದೆ. ನೋಡೋಕೆ ಎಲ್ಲಾ ಒಂದೇ ಥರ ಅಲ್ವಾ, ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇದೇ ಸರ್ವೆ ನಂಬರಿನ ಉಳಿಕೆ ಜಮೀನು, ಕಣ್ಣಿಗೆ ಬೀಳಲೇ ಇಲ್ಲ.

ನಮ್ಮಲ್ಲಿ ಪ್ರಿಂಟ್ ತೆಗೆಯೋಕೆ ಮುಂಚೆ ಜೋರಾಗಿ ಓದೋ ಪದ್ಧತಿ ಇದೆ. ಓದ್ತಾ ಇದ್ದಾಗ ಅವರ ತಾಯಿ, ಎಂಬತ್ತರ ಹತ್ರ ವಯಸ್ಸು, ಬೆಂಚಿನ ಮೇಲೆ ಕೂತಿದ್ದೋರು, ತೆಲುಗಲ್ಲಿ ತಡೆದ್ರು: ಮೂರನೇಯೋನ ಭಾಗಕ್ಕೆ ಪಡುವಲಲ್ಲಿ ಹುಣಸೆಮರ ಇರೋದಲ್ವಾ, ಓಣಿ ಎಲ್ಲಿಂದ ಬಂತು ಅಂತ. ಆ ತಾಯಿ ಇಲ್ಲದೇ ಇದ್ದಿದ್ರೆ ಅದು ಹಾಗೇ ರಿಜಿಸ್ಟರ್ ಆಗೋದು. ಆಮೇಲೆ ತಿದ್ದುಪಡಿ ಪತ್ರ, ಮತ್ತೆ ಖರ್ಚು, ಅಣ್ಣತಮ್ಮಂದಿರ ಮಧ್ಯೆ ಅನುಮಾನ ಬೇರೆ. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಕಾಪಿ ಮಾಡಿದ್ದು ಪೇಸ್ಟ್ ಮಾಡೋ ತನಕ ಕೂತಿರೋ ಜಾಗಾನೇ ಕ್ಲಿಪ್‌ಬೋರ್ಡ್ ಅಲ್ವಾ, ಅದನ್ನ ನೋಡ್ಕೊಳೋ ಪ್ರೋಗ್ರಾಮ್ ಬೇಕು. ಹಂಗಾಗಿ ಕೇಳ್ತಾ ಇರೋದು: ಕಾಪಿ ಆಗಿದೆಯೋ ಇಲ್ವೋ ಕಣ್ಣಿಗೆ ಕಾಣ್ಬೇಕು, ಹಿಂದಿನದೂ ಸಿಗ್ಬೇಕು, ದಿನಾ ಬಳಸೋ ಸಾಲುಗಳನ್ನ ಇಟ್ಕೊಳೋಕೆ ಆಗ್ಬೇಕು. ಇನ್ನೊಂದು, ನನ್ನ ಹಳೇ ಫೈಲೆಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿದೆ. ಯಾರು ಏನು ಬಳಸ್ತೀರಾ?

ತುಮಕೂರು ಸಿಸ್ಟಮ್ಸ್

ಅಣ್ಣ, ಮೊದಲನೇ ಕೆಲ್ಸ ಕೀಬೋರ್ಡ್ ಬದಲಾಯಿಸಿ, ನಾನು ಗಂಭೀರವಾಗೇ ಹೇಳ್ತಿದೀನಿ.

ಎರಡನೇದು, ನಿಮ್ಮದು ವಿಂಡೋಸ್ 10 ಅಥವಾ 11 ಆಗಿದ್ರೆ ಹೊಸದಾಗಿ ಏನೂ ಹಾಕ್ಕೊಳೋ ಅವಶ್ಯಕತೆ ಇಲ್ಲ. 2018ರ ಅಕ್ಟೋಬರ್ ಅಪ್‌ಡೇಟಲ್ಲೇ ಕ್ಲಿಪ್‌ಬೋರ್ಡ್ ಹಿಸ್ಟರಿ ಬಂದಿದೆ. ವಿಂಡೋಸ್ ಕೀ ಹಿಡ್ಕೊಂಡು ವಿ ಒತ್ತಿ, ಮೊದಲನೇ ಸಲ ಆನ್ ಮಾಡ್ಲಾ ಅಂತ ಕೇಳತ್ತೆ, ಆನ್ ಮಾಡಿ. ಅಲ್ಲಿಂದ ಮುಂದೆ ಕಾಪಿ ಮಾಡಿದ್ದೆಲ್ಲ ಪಟ್ಟಿ ಥರ ಬರತ್ತೆ, ಹೊಸದು ಮೇಲೆ. 25 ಐಟಂ ಇಟ್ಕೊಳತ್ತೆ, 26ನೇದು ಬಂದ್ರೆ ಎಲ್ಲಕ್ಕಿಂತ ಹಳೇದು ಉದುರೋಗತ್ತೆ. ಒಂದೊಂದು ಐಟಂ 4 ಎಂಬಿ ತನಕ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ್ರೆ ಎಲ್ಲಾ ಖಾಲಿ, ಪಿನ್ ಮಾಡಿರೋದು ಮಾತ್ರ ಉಳಿಯತ್ತೆ.

ನಿಮ್ಮ ತೊಂದ್ರೆಗೆ ಇದ್ರಲ್ಲೇ ಮದ್ದಿದೆ. ಮುಖ್ಯವಾದ ಜಾಗದಲ್ಲಿ ಕಂಟ್ರೋಲ್ ವಿ ಒತ್ತೋ ಅಭ್ಯಾಸ ಬಿಟ್ಬಿಡಿ, ವಿಂಡೋಸ್ ವಿ ಒತ್ತಿ, ಮೇಲಿರೋ ಸಾಲು ಓದಿ, ಆಮೇಲೆ ಎಂಟರ್. ಅರ್ಧ ಸೆಕೆಂಡ್ ಜಾಸ್ತಿ ಆಗತ್ತೆ ಅಷ್ಟೇ. ಆದ್ರೆ ಏನು ಪೇಸ್ಟ್ ಆಗ್ತಿದೆ ಅಂತ ನೋಡಿಯೇ ಹಾಕ್ತೀರಾ.

ಅಂದಹಾಗೆ ವರ್ಡ್ ಒಳಗೆ ಅದರದೇ ಒಂದು ಕ್ಲಿಪ್‌ಬೋರ್ಡ್ ಇದೆ, 24 ಐಟಂ ಹಿಡಿಯತ್ತೆ, ಹೋಮ್ ಟ್ಯಾಬಲ್ಲಿ ಪೇಸ್ಟ್ ಇರೋ ಕಡೆ ಮೂಲೇಲಿ ಸಣ್ಣ ಬಾಣ ಒತ್ತಿದ್ರೆ ಎಡಗಡೆ ತೆರ್ಕೊಳತ್ತೆ. ಹಳೇ ಆಫೀಸ್ ಇರೋರಿಗೂ ಸಿಗತ್ತೆ.

ಮಧುಗಿರಿ ಗುಮಾಸ್ತೆ

ನಾನು ವಕೀಲರ ಹತ್ರ ಕೆಲ್ಸ ಮಾಡೋದು, ದಾವೆ, ವಕಾಲತ್ತು, ಅಫಿಡವಿಟ್ ಎಲ್ಲಾ ನಾನೇ ಟೈಪ್ ಮಾಡದು. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. 25 ಐಟಂ ಪಟ್ಟಿ ತೋರ್ಸೋದ್ರಿಂದ ತಪ್ಪು ಕಮ್ಮಿ ಆಗಲ್ಲ, 25ರಲ್ಲಿ ತಪ್ಪಾದದ್ದನ್ನ ಆರ್ಸೋ ಅವಕಾಶ ಜಾಸ್ತಿ ಆಗತ್ತೆ. ಮೊದ್ಲು ಒಂದೇ ಹಳೇದು ಬರ್ತಿತ್ತು, ಈಗ 24 ಹಳೇದು ಸಾಲಾಗಿ ನಿಂತಿರತ್ತೆ. ಕಕ್ಷಿದಾರರ ಹೆಸರು, ತಂದೆ ಹೆಸರು, ವಯಸ್ಸು, ವಾಸ, ಇವನ್ನ ಯಾವತ್ತೂ ಕಾಪಿ ಪೇಸ್ಟ್ ಮಾಡ್ಬಾರ್ದು, ಪ್ರತಿ ಸಲ ಕೈಯಲ್ಲೇ ಟೈಪ್ ಮಾಡ್ಬೇಕು, ಹಂಗೇ ನಮ್ ಸಾಹೇಬ್ರು ಕಲಿಸಿರದು. ಟೈಪ್ ಮಾಡೋವಾಗ ಮನಸ್ಸು ಅಲ್ಲೇ ಇರತ್ತೆ.

ಚಿಂತಾಮಣಿ ಡಿಟಿಪಿ

ಸಾರ್, ನಿಮ್ ಮಾತು ನಂಗೆ ನಾಟ್ತು. ಆದ್ರೆ ಒಂದು ಭಾಗಪತ್ರದಲ್ಲಿ ಒಂದೇ ಸರ್ವೆ ನಂಬರು ಹನ್ನೆರಡು ಕಡೆ ಬರತ್ತೆ, ಹನ್ನೆರಡು ಸಲ ಕೈಯಲ್ಲಿ ಹೊಡೆದ್ರೆ ಒಂದು ಕಡೆ 47/2 ಇದ್ದದ್ದು 42/7 ಆಗೇ ಆಗತ್ತೆ, ಅದೂ ನಂಗೆ ಆಗಿದೆ. ಎರಡು ಕಡೆನೂ ಅಪಾಯ ಇದೆ.

ಕೋಲಾರ ಲಿನಕ್ಸ್

ಕಾಪಿ ಆಯ್ತೋ ಇಲ್ವೋ ಕಾಣ್ಬೇಕು ಅಂದ್ರಲ್ಲ, ಅದಕ್ಕೆ ಕಾಪಿಕ್ಯೂ ಅನ್ನೋ ಕ್ಲಿಪ್‌ಬೋರ್ಡ್ ಮ್ಯಾನೇಜರ್ ನೋಡಿ. ದುಡ್ಡು ಕೊಡೋದೇನಿಲ್ಲ, ವಿಂಡೋಸಿಗೂ ಇದೆ ಲಿನಕ್ಸಿಗೂ ಇದೆ. ಕಾಪಿ ಆದ ತಕ್ಷಣ ಪರದೆ ಮೂಲೇಲಿ ಏನು ಕಾಪಿ ಆಯ್ತು ಅಂತ ಪುಟ್ಟ ಚೌಕ ತೋರಿಸೋ ಹಂಗೆ ಇಟ್ಕೋಬಹುದು. ಕೀ ಹತ್ತಿಲ್ಲ ಅಂದ್ರೆ ಚೌಕ ಬರಲ್ಲ, ಅಲ್ಲಿಗೆ ನಿಮಗೆ ಗೊತ್ತಾಗೋಗತ್ತೆ.

ಲಿನಕ್ಸ್ ಬಳಸೋರಿಗಂತೂ ಇದು ಬೇಕೇ ಬೇಕು. ಅಲ್ಲಿ ಪರದೆ ಮೇಲಿನ ಕಿಟಕಿಗಳನ್ನ ನೋಡ್ಕೊಳೋ ಹಳೇ ಎಕ್ಸ್ 11 ಪದ್ಧತೀಲಿ ಕಾಪಿ ಮಾಡಿದ ಪಠ್ಯ ನಿಜವಾಗ್ಲೂ ಎಲ್ಲೂ ಕೂತಿರಲ್ಲ, ಯಾವ ಪ್ರೋಗ್ರಾಮಿಂದ ಕಾಪಿ ಮಾಡಿದ್ರೋ ಅದೇ ಇಟ್ಕೊಂಡಿರತ್ತೆ, ಪೇಸ್ಟ್ ಕೇಳಿದಾಗ ಕೊಡತ್ತೆ. ಆ ಪ್ರೋಗ್ರಾಮ್ ಮುಚ್ಚಿದ್ರೆ ಕಾಪಿನೂ ಹೋಯ್ತು. ಕ್ಲಿಪ್‌ಬೋರ್ಡ್ ಮ್ಯಾನೇಜರ್ ಇದ್ರೆ ಅದು ತನ್ನ ಹತ್ರ ಒಂದು ನಕಲು ತೆಗ್ದಿಟ್ಕೊಂಡಿರತ್ತೆ, ಉಳಿಯತ್ತೆ.

ಕೋಲಾರ ಲಗ್ನಪತ್ರಿಕೆ

ನುಡಿ ವಿಷ್ಯ ಯಾರೂ ಮುಟ್ಟಿಲ್ಲ, ನಾನು ಹೇಳ್ತೀನಿ, ಯಾಕಂದ್ರೆ ನಮ್ಮ ಪ್ರೆಸ್ಸಲ್ಲಿ ಇದೇ ದಿನನಿತ್ಯದ ಪಾಡು.

ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದಾಗ ಫೈಲಲ್ಲಿ ಕನ್ನಡ ಅಕ್ಷರ ಇರೋದೇ ಇಲ್ಲ. ಒಳಗಡೆ ಇರೋದು ಇಂಗ್ಲಿಷ್ ಅಕ್ಷರ ಮತ್ತೆ ತಲೆ ಮೇಲೆ ಗೀಟು ಚುಕ್ಕಿ ಇರೋ ಯೂರೋಪಿನ ಅಕ್ಷರಗಳ ಸಂಕೇತ. ಫಾಂಟು ಅದರ ಮೇಲೆ ಕನ್ನಡದ ಚಿತ್ರ ಕೂರಿಸತ್ತೆ. ಒಂದು ಕ ಕಾಣಿಸ್ಬೇಕು ಅಂದ್ರೆ ಒಳಗೆ ಎರಡು ಸಂಕೇತ ಇರತ್ತೆ, ಒಂದು ಬುಡಕ್ಕೆ ಒಂದು ತಲೆಕಟ್ಟಿಗೆ. ಫಾಂಟ್ ಕಳಚಿತು ಅಂದ್ರೆ ಬರೀ ಕಸ ಕಾಣತ್ತೆ.

ಈಗ ಕ್ಲಿಪ್‌ಬೋರ್ಡ್ ವಿಷ್ಯಕ್ಕೆ ಬರೋಣ. ವರ್ಡಲ್ಲಿ ಒಂದು ಸಾಲು ಕಾಪಿ ಮಾಡಿದ್ರೆ ಕ್ಲಿಪ್‌ಬೋರ್ಡಿಗೆ ಒಂದೇ ವಸ್ತು ಹೋಗಲ್ಲ. ಅದೇ ಸಾಲು ಮೂರ್ನಾಲ್ಕು ವೇಷದಲ್ಲಿ ಹೋಗತ್ತೆ: ಬರೀ ಪಠ್ಯ, ಆಮೇಲೆ ಫಾಂಟಿನ ವಿವರಾನೂ ಇರೋ ಎಚ್‌ಟಿಎಮ್ಎಲ್, ಆರ್‌ಟಿಎಫ್. ಪೇಸ್ಟ್ ಮಾಡೋ ಕಡೆ ಯಾವುದು ಬೇಕೋ ಅದನ್ನ ತಗೊಳತ್ತೆ. ಇನ್ನೊಂದು ವರ್ಡ್ ಫೈಲಿಗೆ ಹಾಕಿದ್ರೆ ಫಾಂಟ್ ಹೆಸರೂ ಜೊತೇಲಿ ಬರತ್ತೆ, ಕನ್ನಡ ಸರಿಯಾಗಿ ಕಾಣತ್ತೆ. ವಾಟ್ಸಾಪಿಗೋ ಬ್ರೌಸರಿಗೋ ಹಾಕಿದ್ರೆ ಬರೀ ಪಠ್ಯ ಹೋಗತ್ತೆ, ಕಸ. ಕ್ಲಿಪ್‌ಬೋರ್ಡ್ ಮ್ಯಾನೇಜರ್ ತನ್ನ ಪಟ್ಟೀಲಿ ತೋರ್ಸೋದೂ ಬರೀ ಪಠ್ಯಾನೇ. ಹಂಗಾಗಿ ನಿಮ್ಮ 25 ಸಾಲೂ ಕಸದ ಥರಾನೇ ಕಾಣತ್ತೆ, ಯಾವುದು ಎ ಷೆಡ್ಯೂಲ್ ಯಾವುದು ಬಿ ಅಂತ ಹೇಳೋಕೇ ಆಗಲ್ಲ. ನೋಡಿ ಆರ್ಸೋ ಲಾಭ ಇತ್ತಲ್ಲ, ಅದೇ ಹೋಯ್ತು.

ಅದಕ್ಕೇ ನನ್ ಮಾತು: ಪತ್ರದ ಕೆಲ್ಸಕ್ಕೆ ಯೂನಿಕೋಡಿಗೆ ಬಂದ್ಬಿಡಿ, ಅದ್ರಲ್ಲಿ ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರತ್ತೆ. ನುಡಿಯಲ್ಲೇ ಯೂನಿಕೋಡ್ ಟೈಪಿಂಗ್ ಇದೆ, ಅದೇ ಕೀಲಿಮಣೆ, ಕೈ ಹೊಸದಾಗಿ ಕಲಿಯೋದೇನಿಲ್ಲ. ಹಳೇ ಫೈಲನ್ನ ಪರಿವರ್ತಕದಲ್ಲಿ ಹಾಕಿ ಬದಲಾಯಿಸ್ಕೊಳಿ, ಅರ್ಕಾವತ್ತು, ಒತ್ತಕ್ಷರ ಇರೋ ಕಡೆ ಒಂದ್ಸಲ ಕಣ್ಣಾಡಿಸಿ. ನಾವು ಮಾತ್ರ ಪೂರ್ತಿ ಬಿಡೋಕೆ ಆಗ್ತಿಲ್ಲ, ಯಾಕಂದ್ರೆ ನಮ್ಮ ಕಾರ್ಡಿನ ಅಚ್ಚುಗಳೆಲ್ಲ ಪೇಜ್‌ಮೇಕರಲ್ಲಿ ಇವೆ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ.

ಗೌರಿಬಿದನೂರು ಮೇಷ್ಟ್ರು

ಮೇಲಿನವರು ಹೇಳಿದ್ದು ಬಹಳ ಸರಿ. ಯೂನಿಕೋಡಿಗೆ ಬಂದ ಮೇಲೂ ಒಂದು ಸೂಕ್ಷ್ಮ ಇದೆ. ರಾಜ್‌ಕುಮಾರ್ ಅಂತ ಬರೆಯೋವಾಗ ಜ ಕೆಳಗೆ ಕ ಒತ್ತಾಗದ ಹಾಗೆ ಮಧ್ಯೆ ಒಂದು ಕಾಣದ ಅಕ್ಷರ ಹಾಕ್ತೀವಲ್ಲ, ಅದು ಕಾಪಿ ಜೊತೆ ಹೋಗತ್ತೆ. ಆಮೇಲೆ ಕ್ಲಿಪ್‌ಬೋರ್ಡ್ ಮ್ಯಾನೇಜರಲ್ಲಿ ಹುಡುಕೋವಾಗ ಆ ಕಾಣದ ಅಕ್ಷರ ಹಾಕದೇ ರಾಜ್ಕುಮಾರ್ ಅಂತ ಹೊಡೆದ್ರೆ ಸಿಗದೇ ಹೋಗಬಹುದು. ನಾನು ಪ್ರಶ್ನೆಪತ್ರಿಕೆ ತಯಾರಿಸೋವಾಗ ಒಂದು ಗಂಟೆ ತಲೆ ಕೆಡಿಸ್ಕೊಂಡಿದೀನಿ. ಹುಡುಕೋಕೆ ಹೆಸರಿನ ಮೊದಲ ಎರಡು ಅಕ್ಷರ ಸಾಕು, ಪೂರ್ತಿ ಹೊಡೀಬೇಡಿ.

ಪಿಡಿಎಫಿಂದ ಕನ್ನಡ ಕಾಪಿ ಮಾಡೋರೂ ಹುಷಾರು. ಪಿಡಿಎಫ್ ಒಳಗೆ ಅಕ್ಷರದ ಆಕಾರಗಳು ಚಿತ್ರದ ಹಾಗೆ ಜೋಡಿಸಿರತ್ತೆ, ಕಾಪಿ ಮಾಡಿದಾಗ ಒತ್ತು, ದೀರ್ಘ ಎಲ್ಲೆಲ್ಲೋ ಹೋಗಿ ಕೂರತ್ತೆ. ಅದು ಮ್ಯಾನೇಜರಿನ ತಪ್ಪಲ್ಲ.

ಇನ್ನೊಂದು ವಿಷಯ ಮಕ್ಕಳಿಗೆ ಹೇಳ್ತಿರ್ತೀನಿ. ಕಟ್, ಕಾಪಿ, ಪೇಸ್ಟ್ ಅನ್ನೋದನ್ನ ಕಂಪ್ಯೂಟರಿಗೆ ತಂದವರು ಲ್ಯಾರಿ ಟೆಸ್ಲರ್ ಮತ್ತು ಅವರ ಜೊತೆಗಾರ ಟಿಮ್ ಮಾಟ್, 1970ರ ದಶಕದ ಮಧ್ಯಭಾಗದಲ್ಲಿ, ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದಲ್ಲಿ. ನಾವು ನೆರಳಚ್ಚಿಗೆ ಜೆರಾಕ್ಸ್ ಅಂತೀವಲ್ಲ, ಅದೇ ಕಂಪನಿ. ಅದಕ್ಕೂ ಮುಂಚೆ ಪತ್ರಿಕಾ ಕಚೇರಿಗಳಲ್ಲಿ ಕತ್ತರಿ, ಗೋಂದು ಹಿಡಿದು ಕಾಗದದ ಚೂರು ಕತ್ತರಿಸಿ ಅಂಟಿಸ್ತಿದ್ರು, ಹೆಸರು ಅಲ್ಲಿಂದಲೇ ಬಂದದ್ದು. ಟೆಸ್ಲರ್ 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಂಟಿಸೋ ಮುಂಚೆ ಆ ಚೂರು ಕೈಯಲ್ಲೇ ಇರ್ತಿತ್ತು, ಓದೋಕೆ ಸಿಗ್ತಿತ್ತು. ಈ ಪಟ್ಟಿ ಅದನ್ನೇ ವಾಪಸ್ ಕೊಡ್ತಿದೆ ಅನ್ನೋದು ನನ್ನ ಭಾವನೆ.

ತಿಪಟೂರು ಹುಡ್ಗ

ಡಿಟ್ಟೊ ಅನ್ನೋ ಕ್ಲಿಪ್‌ಬೋರ್ಡ್ ಮ್ಯಾನೇಜರ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ನಮ್ಮ ಕೊಬ್ಬರಿ ಮಂಡೀಲಿ ಬಿಲ್ಲು ಹಾಕೋ ಕಂಪ್ಯೂಟರಲ್ಲಿ ವರ್ಷಗಳಿಂದ ಅದೇ ಇರದು. ಫ್ರೀ, ವಿಂಡೋಸಿಗೆ ಮಾತ್ರ. ಟ್ಯಾಬ್ ಕೀ ಮೇಲೆ ಒಂದು ಗೀಟಿನ ಕೀ ಇರತ್ತಲ್ಲ, ಕಂಟ್ರೋಲ್ ಜೊತೆ ಅದನ್ನ ಒತ್ತಿದ್ರೆ ಪಟ್ಟಿ ಬರತ್ತೆ, ಹಂಗೇ ಟೈಪ್ ಮಾಡ್ತಾ ಹೋದ್ರೆ ಹುಡುಕತ್ತೆ. 25ಕ್ಕೆ ನಿಲ್ಲಲ್ಲ, ನೂರಾರು ಇಟ್ಕೋಬಹುದು, ಸಿಸ್ಟಮ್ ಆಫ್ ಮಾಡಿದ್ರೂ ಹೋಗಲ್ಲ. ಗುಂಪು ಮಾಡಬಹುದು, ಇದೇ ದೊಡ್ಡದು. ಕ್ರಯಪತ್ರದ ಸಾಲು ಒಂದು ಗುಂಪು, ಅಫಿಡವಿಟ್ ಒಂದು ಗುಂಪು. ಬರೀ ಪಠ್ಯವಾಗಿ ಪೇಸ್ಟ್ ಮಾಡ್ಬೇಕು ಅಂದ್ರೆ ಶಿಫ್ಟ್ ಎಂಟರ್.

ತುಮಕೂರು ಸಿಸ್ಟಮ್ಸ್

ಡಿಟ್ಟೊ ಒಳ್ಳೇದೇ, ನಾನೂ ಗಿರಾಕಿಗಳಿಗೆ ಹಾಕ್ಕೊಡ್ತೀನಿ. ಆದ್ರೆ ಆಫ್ ಮಾಡಿದ್ರೂ ಹೋಗಲ್ಲ ಅಂದ್ರಲ್ಲ, ಅಂಗಡಿ ಕಂಪ್ಯೂಟರಿಗೆ ಅದೇ ಭಯ. ಎಲ್ಲಾ ಒಂದು ಡೇಟಾಬೇಸ್ ಫೈಲಲ್ಲಿ ಕೂತಿರತ್ತೆ, ಆ ಫೈಲ್ ಯಾರಾದ್ರೂ ಪೆನ್‌ಡ್ರೈವಿಗೆ ಹಾಕ್ಕೊಂಡು ಹೋದ್ರೆ ನಿಮ್ಮ ಅಂಗಡಿಗೆ ಬಂದೋರ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಫೋನ್ ನಂಬರ್ ಎಲ್ಲಾ ಅವರ ಕೈಗೆ. ಚಿಂತಾಮಣಿ ಅಣ್ಣ, ಈ ಒಂದು ವಿಷ್ಯ ದಯವಿಟ್ಟು ಗಮನದಲ್ಲಿಟ್ಕೊಳಿ. ಜನ ನಿಮ್ಮನ್ನ ನಂಬಿ ಆಧಾರ್ ಕಾರ್ಡ್ ಮೇಜಿನ ಮೇಲೆ ಇಡ್ತಾರೆ.

ನಾನು ಮಾಡ್ಕೊಡೋ ಏರ್ಪಾಡು ಹೇಳ್ತೀನಿ. ಇಟ್ಕೊಳೋ ಸಂಖ್ಯೆ ಕಮ್ಮಿ ಮಾಡೋದು, ಎರಡ್ಮೂರು ದಿನಕ್ಕೆ ತಾನಾಗೇ ಅಳಿಸೋ ಹಾಗೆ ಇಡೋದು, ಮಾದರಿ ಸಾಲುಗಳಿಗೆ ಮಾತ್ರ ಅಳಿಸಬೇಡ ಅನ್ನೋ ಗುರುತು ಹಾಕೋದು. ವಿಂಡೋಸ್ ವಿ ಬಳಸೋರಿಗೆ ಇನ್ನೂ ಸುಲಭ, ಸಾಯಂಕಾಲ ಎಲ್ಲಾ ಅಳಿಸು ಒತ್ತಿದ್ರೆ ಪಿನ್ ಮಾಡಿದ್ದು ಬಿಟ್ಟು ಉಳಿದದ್ದೆಲ್ಲ ಹೋಗತ್ತೆ. ಅದರ ಸೆಟ್ಟಿಂಗಲ್ಲಿ ಬೇರೆ ಸಾಧನಗಳ ಜೊತೆ ಹಂಚಿಕೊಳ್ಳೋದು ಅಂತ ಒಂದು ಇದೆ, ಅಂಗಡೀಲಿ ಅದನ್ನ ಆಫ್ ಇಡಿ, ಇಲ್ಲಾಂದ್ರೆ ಅದೇ ಮೈಕ್ರೋಸಾಫ್ಟ್ ಖಾತೆ ಇರೋ ಮನೆ ಲ್ಯಾಪ್‌ಟಾಪಿಗೂ ಗಿರಾಕಿ ವಿವರ ಹೋಗ್ತಾ ಇರತ್ತೆ.

ಪಾಸ್‌ವರ್ಡ್ ವಿಷ್ಯಾನೂ ಹೇಳ್ಬಿಡ್ತೀನಿ. ಪಾಸ್‌ವರ್ಡ್ ಭದ್ರವಾಗಿಡೋ ಕೀಪಾಸ್ ಥರದ ಪ್ರೋಗ್ರಾಮಲ್ಲಿ ಕಾಪಿ ಮಾಡಿದ ಪಾಸ್‌ವರ್ಡು ಕೆಲವು ಸೆಕೆಂಡಿಗೆ ತಾನಾಗೇ ಅಳಿಸೋಗತ್ತೆ. ನೋಟ್‌ಪ್ಯಾಡಲ್ಲಿ ಬರ್ದಿಟ್ಟು ಕಾಪಿ ಮಾಡಿದ್ರೆ ಹಿಸ್ಟರೀಲಿ ಉಳಿಯತ್ತೆ.

ಕೋಲಾರ ಟೊಮೇಟೊ ಮಂಡಿ

ನಾನು ಎಪಿಎಂಸಿ ಯಾರ್ಡಲ್ಲಿ ಮಂಡಿ ರೈಟರ್. ಕಂಪ್ಯೂಟರ್ ಏನಿಲ್ಲ, ಎಲ್ಲಾ ಫೋನಲ್ಲೇ. ದಿನಾ ಹರಾಜು ಮುಗಿದ ಮೇಲೆ ರೈತರ ಗ್ರೂಪುಗಳಿಗೆ 15 ಕೆಜಿ ಬಾಕ್ಸಿನ ರೇಟು ಹಾಕ್ಬೇಕು, ಒಂದೇ ಮೆಸೇಜು ಎಷ್ಟೋ ಕಡೆ. ಗೂಗಲಿನ ಕೀಬೋರ್ಡ್ ಆ್ಯಪು ಜಿಬೋರ್ಡಲ್ಲಿ ಕ್ಲಿಪ್‌ಬೋರ್ಡ್ ಗುರುತು ಇದೆ, ಆನ್ ಮಾಡಿದ್ರೆ ಕಾಪಿ ಮಾಡಿದ್ದು ಒಂದು ಗಂಟೆ ಇರತ್ತೆ, ಆಮೇಲೆ ಹೋಗತ್ತೆ, ಪಿನ್ ಮಾಡಿದ್ರೆ ಉಳಿಯತ್ತೆ. ನಾನು ರೇಟ್ ಮೆಸೇಜ್ ಪಿನ್ ಮಾಡಿಟ್ಟಿದ್ದೆ, ಒಂದಿನ ಗಡಿಬಿಡೀಲಿ ನೆನ್ನೆ ರೇಟೇ ಹೋಗ್ಬಿಡ್ತು, ಮುಳಬಾಗಿಲು ಕಡೆಯಿಂದ ಒಬ್ಬ ರೈತ ಆ ರೇಟ್ ನಂಬಿ ರಾತ್ರಿನೇ ಕಟಾವು ಮಾಡ್ಸಿ ತಂದ. ರೇಟು ಇಳಿದಿತ್ತು. ಅವನ ಮುಖ ನೋಡೋಕೆ ಆಗ್ಲಿಲ್ಲ ನಂಗೆ.

ಅವತ್ತಿಂದ ಪಿನ್ ಮಾಡಿರೋ ಮೆಸೇಜಲ್ಲಿ ತಾರೀಖು ಇಲ್ಲ, ರೇಟೂ ಇಲ್ಲ, ಬರೀ ಗೀಟು. ಗೀಟು ತುಂಬದೇ ಕಳಿಸಿದ್ರೂ ಗೀಟೇ ಹೋಗತ್ತೆ, ಸುಳ್ಳು ರೇಟ್ ಹೋಗಲ್ಲ. ಚಿಂತಾಮಣಿ ಅಣ್ಣ, ನೀವೂ ಹಿಂಗೇ ಮಾಡಿ ನೋಡಿ.

ಶಿಡ್ಲಘಟ್ಟ ರೇಷ್ಮೆ

ಮಂಡಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಫೋನ್ ವಿಷ್ಯ ಬಂತಲ್ಲ, ಆಂಡ್ರಾಯ್ಡ್ 10ರಿಂದ ಈಚೆಗೆ ಹಿಂದೆ ಕೂತಿರೋ ಆ್ಯಪುಗಳು ಕ್ಲಿಪ್‌ಬೋರ್ಡ್ ಓದೋ ಹಾಗಿಲ್ಲ, ಕಣ್ಮುಂದೆ ತೆರೆದಿರೋ ಆ್ಯಪು ಮತ್ತೆ ನೀವು ಬಳಸೋ ಕೀಬೋರ್ಡ್ ಮಾತ್ರ ಓದಬಹುದು. ಅದಕ್ಕೇ ಕೀಬೋರ್ಡ್ ಯಾವುದು ಹಾಕ್ಕೊಂಡಿದೀರಾ ಅನ್ನೋದು ಮುಖ್ಯ, ಗುರುತು ಪರಿಚಯ ಇಲ್ಲದ ಕನ್ನಡ ಕೀಬೋರ್ಡ್ ಆ್ಯಪು ಹಾಕ್ಬೇಡಿ. ಆಂಡ್ರಾಯ್ಡ್ 12ರಲ್ಲಿ ಬೇರೆ ಆ್ಯಪಲ್ಲಿ ಕಾಪಿ ಮಾಡಿದ್ದನ್ನ ಯಾವುದಾದ್ರೂ ಆ್ಯಪು ತಗೊಂಡ್ರೆ ಕೆಳಗೆ ಸೂಚನೆ ತೋರ್ಸತ್ತೆ.

ಖಾತೆ ನಂಬರ್ ಪೇಸ್ಟ್ ಮಾಡಿದ ಮೇಲೆ ಕೊನೇ ನಾಲ್ಕು ಅಂಕಿ ನೋಡೋದು ನಮ್ಮನೇಲಿ ಎಲ್ರಿಗೂ ಅಭ್ಯಾಸ ಮಾಡ್ಸಿದೀನಿ. ಕ್ಲಿಪ್‌ಬೋರ್ಡಲ್ಲಿರೋ ಕ್ರಿಪ್ಟೊ ವಿಳಾಸನೇ ಕಳ್ಳರ ವಿಳಾಸಕ್ಕೆ ಬದಲಾಯಿಸೋ ವೈರಸ್ ಇವೆ, ಪೇಸ್ಟ್ ಆಗಿದ್ದು ನಾವು ಕಾಪಿ ಮಾಡಿದ್ದೇನಾ ಅಂತ ನೋಡ್ಲೇಬೇಕು.

ಮಧುಗಿರಿ ಗುಮಾಸ್ತೆ

ಗೀಟಿನ ಉಪಾಯ ನಂಗೂ ಒಪ್ಪಿಗೆ. ಆದ್ರೆ ಅಷ್ಟಕ್ಕೆ ಕ್ಲಿಪ್‌ಬೋರ್ಡ್ ಯಾಕೆ, ವರ್ಡ್ ಟೆಂಪ್ಲೇಟ್ ಇಟ್ಕೊಂಡ್ರೆ ಆಯ್ತಲ್ಲ?

ಚಿಂತಾಮಣಿ ಡಿಟಿಪಿ

ಎಲ್ರಿಗೂ ತುಂಬಾ ಧನ್ಯವಾದ. ಹತ್ತು ದಿನ ಮಾಡಿ ನೋಡಿ ಬರೀತಿದೀನಿ.

ಗುಮಾಸ್ತೆ ಸಾರ್, ಟೆಂಪ್ಲೇಟ್ ಇದೆ, ಇಪ್ಪತ್ತಿವೆ. ಆದ್ರೆ ನಮ್ಮಲ್ಲಿಗೆ ಬರೋ ಪತ್ರ ಒಂದೂ ಟೆಂಪ್ಲೇಟಿನ ಹಾಗೆ ಇರಲ್ಲ. ಒಬ್ರಿಗೆ ಕೊಳವೆಬಾವೀಲಿ ಅರ್ಧ ಹಕ್ಕು ಬರೀಬೇಕು, ಇನ್ನೊಬ್ರಿಗೆ ಓಡಾಡೋ ದಾರಿ, ಮತ್ತೊಬ್ರಿಗೆ ತಾಯಿ ಇರೋ ತನಕ ಮನೇಲಿ ವಾಸದ ಹಕ್ಕು. ಅಂಥ ಸಾಲುಗಳು ಬಿಡಿಬಿಡಿಯಾಗಿ ಬೇಕು, ಅದೂ ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ 2.0ರಲ್ಲಿ ವಿವರ ತುಂಬೋವಾಗ ಬ್ರೌಸರಲ್ಲೂ ಬೇಕು.

ಹೊಸ ಕೀಬೋರ್ಡ್ ತಂದೆ. ಡಿಟ್ಟೊ ಹಾಕ್ದೆ. ಯೂನಿಕೋಡಿಗೆ ಬಂದೆ, ಹಳೇ ಫೈಲಿಂದ 38 ಸಾಲು ಪರಿವರ್ತನೆ ಮಾಡಿ ಒಂದೊಂದೂ ಜೋರಾಗಿ ಓದಿ ಗುಂಪಿಗೆ ಸೇರಿಸ್ದೆ. ಮೊದಲನೇದು ಯಾವುದು ಗೊತ್ತಾ, ನಿಧಿ ನಿಕ್ಷೇಪ ಜಲ ತರು ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ ಅಷ್ಟಭೋಗ ತೇಜಸ್ವಾಮ್ಯ ಅನ್ನೋ ಸಾಲು. ವಿಜಯನಗರ ಕಾಲದ ಶಾಸನಗಳಲ್ಲೂ ಬರೋ ಮಾತು ಅದು, ನಮ್ಮ ತಾತನ ಪತ್ರದಲ್ಲೂ ಇದೆ, ಅಷ್ಟು ದಿನದಿಂದ ಒಬ್ಬರ ಪತ್ರದಿಂದ ಇನ್ನೊಬ್ಬರ ಪತ್ರಕ್ಕೆ ನಕಲಾಗ್ತಾ ಬಂದಿದೆ. ಅದು ಯಾರ ಆಸ್ತಿ ವಿವರಾನೂ ಅಲ್ಲ, ಎಲ್ರಿಗೂ ಒಂದೇ. ಅಂಥದ್ದು ಗುಂಪಲ್ಲಿ ಕಾಯಂ ಇರತ್ತೆ. ಮನುಷ್ಯರ ಹೆಸರು, ಸರ್ವೆ ನಂಬರ್, ಎಕರೆ ಗುಂಟೆ, ಆಧಾರ್ ಒಂದೂ ಗುಂಪಿಗೆ ಹೋಗಲ್ಲ. ಅವು ಒಂದೇ ದಿನದ ಅತಿಥಿ, ಸಾಯಂಕಾಲ ಶಟರ್ ಎಳೆಯೋ ಮುಂಚೆ ಅಳಿಸ್ತೀನಿ.

ಚೆಕ್ಕುಬಂದಿ ಸಾಲು ಮಾತ್ರ ಎಲ್ಲಕ್ಕಿಂತ ಜಾಸ್ತಿ ಯೋಚ್ನೆ ಮಾಡಿ ಇಟ್ಟಿದೀನಿ. ಪೂರ್ವಕ್ಕೆ ಗೀಟು, ಪಶ್ಚಿಮಕ್ಕೆ ಗೀಟು, ಉತ್ತರಕ್ಕೆ ಗೀಟು, ದಕ್ಷಿಣಕ್ಕೆ ಗೀಟು. ಒಂದು ಷೆಡ್ಯೂಲಿಂದ ಇನ್ನೊಂದಕ್ಕೆ ಕಾಪಿ ಮಾಡೋದು ನಿಲ್ಲಿಸಿಬಿಟ್ಟೆ, ಖಾಲಿ ಸಾಲು ಹಾಕಿ ನಕ್ಷೆ ನೋಡ್ಕೊಂಡು ಕೈಯಲ್ಲಿ ತುಂಬ್ತೀನಿ. ಅಲ್ಲಿ ಗುಮಾಸ್ತೆ ಸಾರ್ ಗೆದ್ರು. ಸರ್ವೆ ನಂಬರ್ ಹನ್ನೆರಡು ಕಡೆ ಬರೋದು ಮಾತ್ರ ಪಟ್ಟಿಯಿಂದ, ಮೇಲಿರೋದು ಓದಿ, ಎಂಟರ್.

ಬಾಗೇಪಲ್ಲಿ ಹೊಸಬ

ಅಣ್ಣ, ನಾನೂ ಅಂಗಡಿ ಇಡೋಣ ಅಂತಿದೀನಿ. ಗೀಟು ತುಂಬೋದು ಮರ್ತು ಹಂಗೇ ಪ್ರಿಂಟ್ ಹೋದ್ರೆ ಏನ್ ಮಾಡ್ತೀರಾ?

ಚಿಂತಾಮಣಿ ಡಿಟಿಪಿ

ಗೀಟಿನ ಬದ್ಲು ಮೂರು ನಕ್ಷತ್ರ ಇಡು ತಮ್ಮಾ, ಪತ್ರದಲ್ಲಿ ಬೇರೆಲ್ಲೂ ನಕ್ಷತ್ರ ಬರಲ್ಲ. ಪ್ರಿಂಟ್ ಕೊಡೋ ಮುಂಚೆ ಕಂಟ್ರೋಲ್ ಎಫ್ ಒತ್ತಿ ನಕ್ಷತ್ರ ಹುಡುಕು, ಒಂದೂ ಸಿಗಬಾರದು. ಆಮೇಲೆ ಮನೇಲಿ ಎಲ್ಲಕ್ಕಿಂತ ಹಿರಿಯರು ಯಾರು ಬಂದಿದಾರೋ ಅವರನ್ನ ಹತ್ರ ಕೂರಿಸ್ಕೊಂಡು ಜೋರಾಗಿ ಓದು. ನಾನು ಈಗ ಅವರಿಗೆ ಅರ್ಥ ಆಗೋ ಭಾಷೇಲೇ ಓದ್ತೀನಿ, ಪೂರ್ವ ಪಶ್ಚಿಮ ಅನ್ನೋ ಬದ್ಲು ಮೂಡಲು ಪಡುವಲು ಅಂತೀನಿ, ತೆಲುಗಿನವರಾದ್ರೆ ತೆಲುಗಲ್ಲಿ. ನೆನ್ನೆ ಒಬ್ರು ತಾತ ಕಣ್ಮುಚ್ಕೊಂಡು ಕೇಳ್ತಾ ಕೈಯಲ್ಲಿ ಒಂದೊಂದು ದಿಕ್ಕು ತೋರಿಸ್ತಾ ಹೋದ್ರು, ನಾಲ್ಕೂ ಸರಿ ಹೋಯ್ತು, ಆಮೇಲೇ ಪ್ರಿಂಟ್ ಕೊಟ್ಟೆ.